ಕರಿಕಿಯ ಮೇಲೆ ಹಾಸಿದ ಜಮಖಾನೆ

"ಹುಮನಾಬಾದದಾಗ ಒಂದು ಮೈದಾನ ಮಾಡೋದದ. ಹುಲ್ಲಿನ ಮೈದಾನ. ನೀ ಬಿಟ್ರ ಯಾರ ಕೈಲೂ ಆಗಂಗಿಲ್ಲ, ಬಾ" ಎಂದು ಸರ್ ಹೇಳಿಕಳಿಸಿದಾಗ ನಾನು ಮರುಪ್ರಶ್ನೆ ಕೇಳಲಿಲ್ಲ. ಮರುದಿನವೇ ಬಸವಕಲ್ಯಾಣದಿಂದ ಬಸ್ಸು ಹತ್ತಿದೆ.

ಸರ್ ಎಂದರೆ ಹುಮನಾಬಾದಿನ ಒಂದು ಖಾಸಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ನಾನು ಡಿಗ್ರಿ ಓದುವಾಗ ನನ್ನ ಕೈಗೆ ಮೊದಲ ಸಲ ಬೇಸ್‌ಬಾಲ್ ಗ್ಲೌಸ್ ತೊಡಿಸಿದವರು ಅವರೇ. ನಮ್ಮ ಕಡೆ ಆ ಆಟದ ಹೆಸರು ಕೇಳಿದವರೇ ಇರಲಿಲ್ಲ. ಕ್ರಿಕೆಟ್ಟಿನ ಬ್ಯಾಟು ಮುರಿದಿದೆಯೇನೋ, ಅದಕ್ಕೇ ದೊಣ್ಣೆ ಹಿಡಿದಿದ್ದಾರೆ ಎಂದು ಜನ ನಗುತ್ತಿದ್ದರು. ಸರ್ ನಗುವವರನ್ನೂ ಕರೆದು ಆಡಿಸುತ್ತಿದ್ದರು. ಮುಂದೆ ಬಸವಕಲ್ಯಾಣದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ ಕೆಲಸ ಖಾಲಿ ಇದೆ ಎಂದು ಸುದ್ದಿ ಮುಟ್ಟಿಸಿ, ನನ್ನ ಅರ್ಜಿಯನ್ನು ತಾವೇ ಬರೆದು, ನನ್ನ ಜೊತೆ ಬಂದು ಹೆಡ್‌ಮಿಸ್ಟ್ರೆಸ್ ಎದುರು ಕೂತವರೂ ಅವರೇ. ಹೀಗಾಗಿ ಅವರ ಮಾತು ನನಗೆ ಅಪ್ಪನ ಮಾತಿನ ಹಾಗಿತ್ತು.

ನಮ್ಮದು ನಿರ್ಣಾ ಊರಿನ ಕುರಿ ಕಾಯುವ ಮನೆತನ. ಅಣ್ಣ ಆಗಲೂ ಹಿಂಡಿನ ಹಿಂದೆಯೇ ತಿರುಗುತ್ತಿದ್ದ. ಯಾವ ಹುಲ್ಲನ್ನು ಕುರಿ ಬುಡಮಟ ಮೇಯ್ದರೂ ನಾಲ್ಕು ದಿನಕ್ಕೆ ಮತ್ತೆ ಚಿಗುರುತ್ತದೆ, ಯಾವುದು ಒಂದು ಸಲ ತುಳಿದರೆ ಸಾಯುತ್ತದೆ ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ. ಸರ್ ನನ್ನನ್ನು ಕರೆದದ್ದು ಅದಕ್ಕೇ. ಶುಕ್ರವಾರದಿಂದ ಭಾನುವಾರದವರೆಗೆ ಹುಮನಾಬಾದಿಗೆ ಹೋಗಿಬರಲು ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಮೈದಾನ ಮುಗಿದರೆ ಕಾಲೇಜಿನಲ್ಲಿ ಸರ್ ಕೈಕೆಳಗೆ ಕಾಯಂ ಕೆಲಸ ಎಂಬ ಮಾತೂ ಇತ್ತು. ಆ ಮಾತಿಗಿಂತ ನನ್ನ ಹುಡುಗಿಯರಿಗೆ ಒಂದು ಸರಿಯಾದ ಮೈದಾನ ಸಿಗುತ್ತದಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು. ಬಸವಕಲ್ಯಾಣದಲ್ಲಿ ನಾವು ಶಾಲೆಯ ಹಿಂದಿನ ಕಲ್ಲುಗಳ ಬಯಲಲ್ಲಿ ಆಡುತ್ತಿದ್ದೆವು.

ಬೇಸ್‌ಬಾಲ್ ಮೈದಾನ ಬಿಚ್ಚಿದ ಬೀಸಣಿಗೆಯ ಆಕಾರದ್ದು. ಅದರ ಹಿಡಿಯ ಹತ್ತಿರ ಬ್ಯಾಟು ಹಿಡಿದವಳು ನಿಲ್ಲುತ್ತಾಳೆ. ಅಲ್ಲಿಂದ ಚೌಕವಾಗಿ ಮೂರು ಬೇಸುಗಳು. ಚೆಂಡು ಹೊಡೆದವಳು ಅವನ್ನೆಲ್ಲ ಮುಟ್ಟಿ ಸುತ್ತಿ ಮೊದಲಿನ ಜಾಗಕ್ಕೆ ಮರಳಬೇಕು. ಎದುರಾಳಿಯ ಕೈಯ ಚೆಂಡಿಗಿಂತ ಮೊದಲು ಬೇಸ್ ಮುಟ್ಟಲು ಕೊನೆಯ ಎರಡು ಮಾರನ್ನು ನೆಲಕ್ಕೆ ಮೈ ಚೆಲ್ಲಿ ಜಾರಿಕೊಂಡು ಹೋಗುವುದುಂಟು. ಅದಕ್ಕಾಗಿ ಬೇಸುಗಳ ಸುತ್ತ ಹುಲ್ಲು ಬೆಳೆಸದೆ ಸಡಿಲ ಮಣ್ಣು ಬಿಡುತ್ತಾರೆ. ಉಳಿದದ್ದೆಲ್ಲ ಹುಲ್ಲು.

ಕಾಲೇಜಿನ ಹಿಂದಿನ ಜಾಗ ಕೆಂಪು ಮುರುಮಿನ, ಅಂದರೆ ಗರಸಿನ ನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಆ ಬೇಸಿಗೆಯಿಡೀ ಕಲ್ಲು ಆರಿಸಿದೆವು. ಕಾಲೇಜಿನ ಮಾಲಿ, ನಾವೆಲ್ಲ ಚಾಚಾ ಎನ್ನುತ್ತಿದ್ದ ಮುದುಕ, ನನ್ನ ಜೊತೆಗಿದ್ದ. ಗೌಂಡಿಗಳು ಮಾಡುವ ಹಾಗೆ ಪ್ಲಾಸ್ಟಿಕ್ ನಳಿಗೆಯಲ್ಲಿ ನೀರು ತುಂಬಿ, ಎರಡು ತುದಿ ಹಿಡಿದು, ಗೂಟಕ್ಕೆ ದಾರ ಕಟ್ಟಿ ಮಟ್ಟ ನೋಡಿದೆವು. ನಡುವೆ ಒಂದು ಗೇಣು ಎತ್ತರ, ಅಂಚಿಗೆ ಹೋದಂತೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಮೇಲೆ ಕಪ್ಪು ಎರಿ ಮಣ್ಣು ತರಿಸಿ ಮುರುಮಿನ ಜೊತೆ ಕಲಸಿ ಹರಡಿದೆವು. ಎರಿ ಮಣ್ಣು ಒಂದೇ ಇದ್ದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮುರುಮು ಒಂದೇ ಇದ್ದರೆ ನೀರು ನಿಲ್ಲುವುದಿಲ್ಲ. ಮೂರು ಸಲ ಪ್ರಮಾಣ ಬದಲಿಸಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ, ಎದೆ ಎತ್ತರದಿಂದ ಬಿಟ್ಟು ನೋಡಿದೆ. ಉಂಡೆ ನೆಲಕ್ಕೆ ಬಿದ್ದು ಪುಡಿಯಾಗದೆ ನಾಲ್ಕು ಹೋಳಾದಾಗ ಸರಿ ಎಂದೆ.

ಗೊಬ್ಬರಕ್ಕೆ ಅಣ್ಣನ ಹಿಂಡನ್ನು ಕರೆಸಿ ಹದಿನೈದು ದಿನ ಅಲ್ಲೇ ತರುಬಿಸಿದೆ. ಮೊದಲ ಮಳೆ ಬಿದ್ದ ವಾರ ಕೊಹಿನೂರ ಊರಿನ ಹಳ್ಳದ ದಂಡೆಯಿಂದ ಕರಿಕಿ ಕಿತ್ತು ತಂದೆವು. ಗಣಪತಿಗೆ ಏರಿಸುತ್ತೇವಲ್ಲ, ಅದೇ ಹುಲ್ಲು. ದೊಡ್ಡ ದೇಶಗಳ ಬೇಸ್‌ಬಾಲ್ ಮೈದಾನಗಳಲ್ಲಿರುವುದು ಇದರದೇ ಜಾತಿ ಎಂದು ಸರ್ ಹೇಳಿದಾಗ ಅಣ್ಣ ನಕ್ಕುಬಿಟ್ಟ. "ನಮ್ಮ ಕುರಿ ತಿನ್ನೋ ಕರಿಕಿ ಅಲ್ಲಿಗೂ ಹೋಗ್ಯಾದೇನ್ರಿ ಸರ್?"

"ಹೋಗ್ಯಾದ. ನಾವೇ ಅದನ್ನ ತುಳಿದು ಬಿಟ್ಟೀವಿ" ಎಂದರು ಸರ್.

ಗೆಣ್ಣುಗಳನ್ನು ಬೆರಳುದ್ದ ಕತ್ತರಿಸಿ, ಗೇಣಿಗೊಂದರಂತೆ ಸಾಲಿನಲ್ಲಿ ಊರಿದೆವು. ಹತ್ತು ದಿನಕ್ಕೆ ಚಿಗುರು ಕಂಡಿತು. ಹನ್ನೆರಡನೆಯ ದಿನ ಕರಿಕಿಗಿಂತ ಜೋರಾಗಿ ಬೇರೆ ಕಳೆಯೆಲ್ಲ ಎದ್ದಿತು. ಕುರಿಗಳು ಎಲ್ಲೆಲ್ಲೋ ಮೇಯ್ದ ಬೀಜ ಹಿಕ್ಕೆಯಲ್ಲಿ ಬಂದಿತ್ತು. ಹಳ್ಳದ ಮಣ್ಣಿನ ಜೊತೆ ಜೇಕು ಹುಲ್ಲೂ ಬಂದಿತ್ತು. ಜೇಕನ್ನು ಬರಿದೇ ಕಿತ್ತರೆ ಗಡ್ಡೆ ಒಳಗೇ ಉಳಿದು ಎರಡಾಗಿ ಏಳುತ್ತದೆ. ನಾನೂ ಚಾಚಾನೂ ನಾಲ್ವರು ಕೂಲಿ ಹೆಂಗಸರೂ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಆಷಾಢ ಪೂರ್ತಿ ಕೂತು ಗಡ್ಡೆ ತೆಗೆದೆವು. ಅದು ಮುಗಿಯಿತು ಎನ್ನುವಾಗ ಒಂದು ಸಂಜೆಯ ಜೋರು ಮಳೆಗೆ ಮೂರನೆಯ ಬೇಸಿನ ಕಡೆ ಇಡೀ ಒಂದು ಪಟ್ಟಿ ಕೊಚ್ಚಿಹೋಯಿತು. ಅಲ್ಲಿ ನನ್ನ ಇಳಿಜಾರು ತಪ್ಪಿತ್ತು. ಮತ್ತೆ ನೀರಿನ ನಳಿಗೆ, ದಾರ, ಗೂಟ.

ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆ ಎಂದವರು ಸರ್. "ತಪ್ಪಿದ್ದನ್ನ ಮೊದಲ ಬರಿ. ಸರಿ ಆಗಿದ್ದು ಕಣ್ಣಿಗೆ ಕಾಣ್ತದ, ತಪ್ಪಿದ್ದು ಮರೆತು ಹೋಗ್ತದ" ಎಂದಿದ್ದರು. ನಾನು ಅಕ್ಷರಶಃ ಹಾಗೇ ಬರೆದೆ. ಮಾರ್ಚ್ ತಿಂಗಳಲ್ಲಿ ನೀರು ಕಡಿಮೆಯಾದರೆ ಹುಲ್ಲು ಕಂದುತ್ತದೆ. ಮಳೆ ಬಂದ ದಿನ ಆಡಿಸಿದರೆ ಹೊಂಡ ಬೀಳುತ್ತದೆ. ವಾರಕ್ಕೆರಡು ಸಲ ಕತ್ತರಿಸದಿದ್ದರೆ ಚೆಂಡು ಓಡುವುದಿಲ್ಲ. ಯಾವುದನ್ನೂ ಮುಚ್ಚಿಡಲಿಲ್ಲ.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಮೈದಾನ ತುಂಬಿ ನಿಂತಿತು. ಬಸವಕಲ್ಯಾಣದ ನನ್ನ ತಂಡವನ್ನು ಕರೆತಂದೆ. ಅವರಲ್ಲಿ ಕೊಹಿನೂರದ ಒಬ್ಬ ಹುಡುಗಿ ಇದ್ದಳು, ಒಂಬತ್ತನೆಯ ಇಯತ್ತೆ. ಓಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬರಿಗಾಲಲ್ಲಿ ಹುಲ್ಲಿನ ಮೇಲೆ ಹತ್ತು ಹೆಜ್ಜೆ ಇಟ್ಟು, ನಿಂತು, "ಸರ್, ಇದು ನಮ್ಮ ಹಳ್ಳದ ಕರಿಕಿ ಏನ್ರಿ? ಇಲ್ಲಿ ಬಂದು ಎಷ್ಟ್ ಛಂದ ಆಗ್ಯಾದ್ರಿ" ಎಂದಳು. ಅವತ್ತು ಅವಳು ಎರಡನೆಯ ಬೇಸಿಗೆ ಮೊದಲ ಸಲ ಜಾರಿದಳು. ಎದ್ದಾಗ ಬಟ್ಟೆಗೆ ಕೆಂಪು ಮಣ್ಣು ಮೆತ್ತಿತ್ತು, ಅಷ್ಟೇ. ಸರ್ ದೂರದಿಂದ ಚಪ್ಪಾಳೆ ತಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಾಗಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಮಾರ್ಚಿನಲ್ಲಿ ಹಲವು ಜಿಲ್ಲೆಗಳ ಹುಡುಗಿಯರ ಪಂದ್ಯಾವಳಿ ನಮ್ಮಲ್ಲೇ ನಡೆಯುವುದೆಂದು ತೀರ್ಮಾನವಾಯಿತು. ದೀಪಾವಳಿಯ ನಂತರ ಸರ್ ನೋಟ್‌ಬುಕ್ ಕೇಳಿದರು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ನೋಡಬೇಕಂತೆ. ನಾನು ಹೆಮ್ಮೆಯಿಂದಲೇ ಕೊಟ್ಟೆ.

ಅದಾದ ಮೂರನೆಯ ಶುಕ್ರವಾರ ಬಸ್ಸಿಳಿದು ಕಾಲೇಜಿನ ಹಿಂದೆ ಹೋದರೆ ಟ್ರ್ಯಾಕ್ಟರ್ ನಿಂತಿತ್ತು. ಮೈದಾನದ ಮುಕ್ಕಾಲು ಭಾಗ ಹೆರೆದು ಕೆಂಪಾಗಿತ್ತು. ಕರಿಕಿಯನ್ನು ಬೇರುಸಮೇತ ಗುಡ್ಡೆ ಮಾಡಿ ಗೋಡೆಗೆ ತಳ್ಳಿದ್ದರು. ಈ ಕಡೆ ಪ್ಲಾಸ್ಟಿಕ್ ಹುಲ್ಲಿನ ದೊಡ್ಡ ದೊಡ್ಡ ಹಸಿರು ಸುರುಳಿಗಳು, ಎತ್ತಿನಗಾಡಿಯ ಗಾಲಿಯಷ್ಟು ದಪ್ಪ. ಚಾಚಾ ನನ್ನ ಮುಖ ನೋಡದೆ ಹೇಳಿದ:

"ಹೈದರಾಬಾದಿಂದ ಲಾರಿ ಬಂತ್ರಿ ಮಾಸ್ತರ್. ಅಲ್ಲಿ ಯಾವುದೋ ಹಾಕಿ ಮೈದಾನದಾಗ ಹಳೇದು ಕಿತ್ತಿ ಹೊಸದು ಹಾಕ್ಯಾರಂತ. ಹಳೇ ಜಮಖಾನಿ ಅಧ್ಯಕ್ಷರು ತರ್ಸ್ಯಾರ್ರಿ."

"ಸರ್‌ಗೆ ಗೊತ್ತದೇನು?"

"ಅವರೇ ನಿಂತು ಹೆರೆಸ್ಯಾರ್ರಿ. ಬುಧವಾರದಿಂದ."

ನಾನು ಗುರುವಾರ ಸಂಜೆ ಸರ್ ಜೊತೆ ಫೋನಿನಲ್ಲಿ ಮಾತಾಡಿದ್ದೆ. ನಾಳೆ ಬಾ ಎಂದಿದ್ದರು, ಬೇರೇನೂ ಹೇಳಿರಲಿಲ್ಲ.

ಅವರ ಕೋಣೆಗೆ ಹೋದೆ. ಕೂಡು ಎಂದರು. ಕೂರಲಿಲ್ಲ.

"ಸರ್, ಎರಡು ವರ್ಷದ ಹುಲ್ಲು."

"ಗೊತ್ತದಪಾ. ಅಧ್ಯಕ್ಷರು ತರ್ತೀನಿ ಅಂದ ಮ್ಯಾಲೆ ನಾ ಬ್ಯಾಡ ಅನ್ನಾಕ ಆಗ್ತದೇನು? ಇಡೀ ಜಿಲ್ಲೆದಾಗ ಮೊದಲನೇ ಜಮಖಾನಿ ಮೈದಾನ ಆಗ್ತದ. ಪೇಪರ್‌ನಾಗ ಬರ್ತದ."

"ನನಗ ಒಂದು ಮಾತು ಹೇಳಬೇಕಿತ್ರಿ."

"ಹೇಳಿದ್ರ ನೀ ಅಡ್ಡ ನಿಲ್ತಿದ್ದಿ." ಅವರು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನನ್ನತ್ತ ಸರಿಸಿದರು. "ಮತ್ತ ಇದು ನಂದಲ್ಲ. ನೀನೇ ಬರೆದಿದ್ದು."

ಟೈಪು ಮಾಡಿದ ಹಾಳೆ. ಮೇಲೆ ‘ಹುಲ್ಲಿನ ಮೈದಾನದ ತೊಂದರೆಗಳು’ ಎಂಬ ತಲೆಬರಹ, ಕೆಳಗೆ ನನ್ನ ಹೆಸರು. ನನ್ನ ನೋಟ್‌ಬುಕ್ಕಿನ ಸಾಲುಗಳೇ. ‘ಮೂರನೆಯ ಬೇಸಿನ ಕಡೆ ಮಳೆಗೆ ಹುಲ್ಲು ಕೊಚ್ಚಿಹೋಯಿತು. ನನ್ನ ಇಳಿಜಾರು ತಪ್ಪಿತ್ತು. ಸರಿಪಡಿಸಿ ಮತ್ತೆ ನೆಟ್ಟೆ, ಹಿಡಿಯಿತು’ ಎಂದು ನಾನು ಬರೆದಿದ್ದೆ. ಹಾಳೆಯಲ್ಲಿ ‘ಮಳೆಗೆ ಹುಲ್ಲು ಕೊಚ್ಚಿಹೋಯಿತು’ ಎಂಬಲ್ಲಿಗೆ ನಿಂತಿತ್ತು. ‘ಮಾರ್ಚ್‌ನಲ್ಲಿ ಕಂದುತ್ತದೆ, ದಿನ ಬಿಟ್ಟು ದಿನ ನೀರುಣಿಸಿದರೆ ತಡೆಯುತ್ತದೆ’ ಎಂಬುದರಲ್ಲಿ ‘ಕಂದುತ್ತದೆ’ ಮಾತ್ರ ಉಳಿದಿತ್ತು. ಹೀಗೆ ಹದಿಮೂರು ಸಾಲು. ಹದಿಮೂರರಲ್ಲೂ ಸುಳ್ಳು ಒಂದೂ ಇರಲಿಲ್ಲ. ನನ್ನ ಕೈಯಿಂದಲೇ ನನ್ನ ಹುಲ್ಲನ್ನು ಕೀಳಿಸಿದ್ದರು.

"ನೋಟ್‌ಬುಕ್ ಕೊಡ್ರಿ" ಎಂದೆ.

"ಅಧ್ಯಕ್ಷರ ಕಡೆ ಅದ" ಎಂದರು.

ಅವತ್ತೇ ಬಿಟ್ಟು ಬರಬೇಕಿತ್ತು ಎಂದು ನಂತರ ಬಹಳ ಮಂದಿ ಹೇಳಿದರು. ಬಿಡಲಿಲ್ಲ. ನನ್ನ ಹುಡುಗಿಯರು ಆಡುವುದು ಅಲ್ಲೇ ಎಂಬುದು ಒಂದು ಕಾರಣ. ಇನ್ನೊಂದು, ಸರ್ ಒತ್ತಡಕ್ಕೆ ಸಿಕ್ಕಿ ಹೀಗೆ ಮಾಡಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು. ಜಮಖಾನೆಗೂ ಅದರದೇ ಗುಣ ಇರುತ್ತದೆ. ಅದಕ್ಕೆಂದೇ ಕಟ್ಟಿದ ನೆಲದ ಮೇಲೆ, ಅಡಿಯಲ್ಲಿ ಮೆತ್ತನೆಯ ಪದರ ಹಾಕಿ, ಹೊಲಿಗೆ ಸರಿಯಾಗಿ ಕೂಡಿಸಿ, ನೀರು ಹೊಡೆಯುತ್ತ ಇಟ್ಟುಕೊಂಡರೆ ಮಳೆಯ ದಿನವೂ ಆಡಬಹುದು, ಚೆಂಡು ಎಲ್ಲೂ ತಪ್ಪು ಪುಟಿಯುವುದಿಲ್ಲ. ನಮ್ಮದಕ್ಕೆ ಇವು ಯಾವುದೂ ಇರಲಿಲ್ಲ. ಹೆರೆದ ಮುರುಮಿನ ಮೇಲೆ ನೇರವಾಗಿ ಹಾಸಿದೆವು. ಸುರುಳಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಅಂಚುಗಳು ಮುದುರಿಕೊಂಡಿದ್ದವು. ಅಂಟು ಹಚ್ಚಿ, ಮೇಲೆ ಮರಳಿನ ಚೀಲ ಹೇರಿ, ಒಂದು ವಾರ ಬಿಟ್ಟರೂ ಮೂರನೆಯ ಬೇಸಿನ ಹತ್ತಿರ ಎರಡು ಹಾಸು ಸೇರುವ ಕೂಡು ಬಿಸಿಲೇರಿದಂತೆ ಎದ್ದು ನಿಲ್ಲುತ್ತಿತ್ತು. ಎರಡು ಬೆರಳು ತೂರುವಷ್ಟು ಸಂದು.

ಚೆಂಡನ್ನು ಬಿಟ್ಟು ನೋಡಿದೆ. ಹುಲ್ಲಿನ ಮೇಲೆ ಮೊಣಕಾಲಿಗೆ ಏಳುತ್ತಿದ್ದ ಚೆಂಡು ಇಲ್ಲಿ ಸೊಂಟಕ್ಕೆ ಏಳುತ್ತಿತ್ತು. ನೆಲ ಸವರಿ ಬರುವ ಚೆಂಡಿನ ವೇಗ ಎಷ್ಟು ಹೆಚ್ಚಿತೆಂದರೆ ಹುಡುಗಿಯರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಬೇಕಾಯಿತು. ಅದಕ್ಕೆಲ್ಲ ರೂಢಿ ಮಾಡಿಸಬಹುದಿತ್ತು. ನನಗಿದ್ದ ಹೆದರಿಕೆ ಬಿಸಿಯದು. ಫೆಬ್ರುವರಿಯ ಒಂದು ಮಧ್ಯಾಹ್ನ ಅಂಗೈ ಊರಿ ಎಣಿಸಿದೆ. ನಾಲ್ಕಕ್ಕೇ ಕೈ ಎತ್ತಿಬಿಟ್ಟೆ. ಪಕ್ಕದ ಬರಿ ಮಣ್ಣಿನ ಮೇಲೆ ಎಷ್ಟು ಹೊತ್ತಾದರೂ ಇಡಬಹುದಿತ್ತು.

ಎದ್ದ ಆ ಕೂಡನ್ನು ಸರ್‌ಗೆ ತೋರಿಸಿ, ಎರಡು ಮಾತು ಕೇಳಿಕೊಂಡೆ. ಬೇಸುಗಳ ಸುತ್ತ ಚೌಕವಾಗಿ ಜಮಖಾನೆ ಕತ್ತರಿಸಿ ಮಣ್ಣು ಬಿಡಬೇಕು, ಹುಡುಗಿಯರು ಜಾರುವುದು ಅಲ್ಲಿಯೇ. ಪಂದ್ಯಗಳು ಬಿಸಿಲೇರುವ ಮೊದಲು ನಡೆಯಬೇಕು, ಪ್ರತಿ ಪಂದ್ಯಕ್ಕೂ ಮುನ್ನ ಟ್ಯಾಂಕರಿನಿಂದ ನೀರು ಹೊಡೆಯಬೇಕು.

"ಬರಾಬರ್ ಅದ. ಎರಡೂ ಮಾಡ್ಸೋಣ" ಎಂದರು. ಮೂರು ಬೇಸುಗಳ ಸುತ್ತ ನಾನೇ ಸುಣ್ಣದಿಂದ ಗೆರೆ ಎಳೆದು, ಚಾಚಾನ ಜೊತೆ ಕತ್ತರಿಸಿ, ಮಣ್ಣು ಹಸನು ಮಾಡಿ ತುಂಬಿದೆ.

ಪಂದ್ಯಾವಳಿಯ ಬೆಳಿಗ್ಗೆ ತಂಡದೊಂದಿಗೆ ಬಂದಾಗ ಮೂರೂ ಚೌಕಗಳು ಹಸಿರಾಗಿದ್ದವು. ಕತ್ತರಿಸಿದ ತುಂಡುಗಳನ್ನೇ ಮತ್ತೆ ಅಂಟಿಸಿದ್ದರು. ಫೋಟೋದಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ ಎಂದು ಅಧ್ಯಕ್ಷರು ಹೇಳಿದರಂತೆ.

ಸರ್ ಕೈಯಲ್ಲಿ ಒಂದು ಫಾರ್ಮು ಹಿಡಿದು ಬಂದರು. ಮೈದಾನ ಆಟಕ್ಕೆ ಯೋಗ್ಯವಾಗಿದೆ ಎಂಬ ಪತ್ರ. ಮೈದಾನದ ಉಸ್ತುವಾರಿ ಎಂಬಲ್ಲಿ ನನ್ನ ಹೆಸರು ಬರೆದಿತ್ತು.

"ದಸ್ಕತ್ ಹಾಕು. ಬ್ಯಾರೆ ಜಿಲ್ಲೆದವರು ಕೇಳಾಕತ್ಯಾರ."

"ಸರ್, ಚೌಕ ಮುಚ್ಚ್ಯಾರ. ನಾ ಹ್ಯಾಂಗ ಹಾಕ್ಲಿ?"

"ಟ್ಯಾಂಕರ್ ಹಾದ್ಯಾಗ ಅದ. ನೀರು ಬಿದ್ರ ಬಿಸಿ ಇರಂಗಿಲ್ಲ. ಮೊದಲನೇ ಆಟ ನಿಮ್ಮದೇ, ಎಂಟಕ್ಕ ಶುರು. ಒಂಬತ್ತೂವರಿ ಅಂದ್ರ ಮುಗೀತು." ನನ್ನ ಹೆಗಲ ಮೇಲೆ ಕೈ ಇಟ್ಟರು. "ಇಷ್ಟ್ ವರ್ಷ ಆಯ್ತು, ನಾ ಎಂದರ ನಿನಗ ಖೋಟಾ ಹೇಳೀನೇನು?"

ನೋಟ್‌ಬುಕ್ಕಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಗಲ ಮೇಲಿನ ಆ ಕೈ ನನ್ನನ್ನು ಸುಮ್ಮನಾಗಿಸಿತು. ದಸ್ಕತ್ ಹಾಕಿದೆ.

ಎಂಟಕ್ಕೆ ಶುರುವಾಗಲಿಲ್ಲ. ಉದ್ಘಾಟನೆಗೆ ಬರಬೇಕಾದ ಅತಿಥಿ ಹತ್ತೂವರೆಗೆ ಬಂದರು. ಭಾಷಣಗಳಾದವು, ಹಾರ ಹಾಕುವುದಾಯಿತು, ಹಸಿರು ಜಮಖಾನೆಯ ಮೇಲೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ಟ್ಯಾಂಕರ್ ಬಂದದ್ದು ನಿಜ. ಅತಿಥಿಯ ಕಾರು ಬರುವ ದಾರಿಯಲ್ಲಿ ಧೂಳು ಏಳಬಾರದೆಂದು ಅಷ್ಟೂ ನೀರನ್ನು ಅಲ್ಲೇ ಚೆಲ್ಲಿಸಿದ್ದರು. ನಾನು ಓಡಿಹೋಗಿ ಕೇಳಿದರೆ ಡ್ರೈವರ್ ಖಾಲಿ ಪೈಪು ಎತ್ತಿ ತೋರಿಸಿದ.

ನಮ್ಮ ಪಂದ್ಯ ಶುರುವಾದಾಗ ಹನ್ನೆರಡರ ಮೇಲಾಗಿತ್ತು. ಹುಡುಗಿಯರು ಬೂಟಿನೊಳಗೇ ಕಾಲು ಸುಡುತ್ತದೆಂದು ಒಂದು ಕಾಲು ಬಿಟ್ಟು ಒಂದು ಕಾಲಲ್ಲಿ ನಿಲ್ಲುತ್ತಿದ್ದರು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೊಹಿನೂರದ ಹುಡುಗಿ ನನ್ನ ಹತ್ತಿರ ಬಂದಳು.

"ಸರ್, ಕೆಳಗ ಕೆಂಡ ಇದ್ದಂಗ ಅದ್ರಿ. ಆಡ್ಬೇಕೇನ್ರಿ?"

ನಾನು ಸರ್ ಕಡೆ ನೋಡಿದೆ. ವೇದಿಕೆಯ ಮೇಲೆ ಅತಿಥಿಯ ಪಕ್ಕ ಕೂತಿದ್ದರು. ನನ್ನನ್ನು ನೋಡಿ ಶುರು ಮಾಡು ಎಂದು ಕೈ ಆಡಿಸಿದರು.

"ಆಡ್ರಿ. ಆದ್ರ ಯಾರೂ ಜಾರಬ್ಯಾಡ್ರಿ. ನಿಂತೇ ಓಡ್ರಿ" ಎಂದೆ.

ಮೂರನೆಯ ಸರದಿಯಲ್ಲಿ ಅವಳು ಎರಡನೆಯ ಬೇಸಿನಲ್ಲಿದ್ದಳು. ನಮ್ಮವಳೊಬ್ಬಳು ಚೆಂಡನ್ನು ದೂರ ಹೊಡೆದಳು. ಇವಳು ಮೂರನೆಯ ಬೇಸಿಗೆ ಓಡಿದಳು. ಚೆಂಡು ಆ ಜಮಖಾನೆಯ ಮೇಲೆ ನಾವಂದುಕೊಂಡದ್ದಕ್ಕಿಂತ ಜಲ್ದಿ ಎದುರಾಳಿಯ ಕೈ ಸೇರಿತು. ಅವಳಿಗೆ ಅದು ಕಂಡಿತು. ನಾನೇ ಕಲಿಸಿದ್ದನ್ನು ಅವಳ ಮೈ ಮಾಡಿತು. ಎಡಗಾಲು ಮಡಚಿ, ಬಲಗಾಲು ಚಾಚಿ, ಜಾರಿದಳು.

ಮಣ್ಣಿನ ಮೇಲಾಗಿದ್ದರೆ ಮೈ ಸಾಗುತ್ತಿತ್ತು. ಇಲ್ಲಿ ಒಂದು ಮಾರು ಹೋಗುವುದರೊಳಗೆ ಬೂಟಿನ ಅಡಿಯ ಗುಬ್ಬಿಗಳು ಎದ್ದು ನಿಂತಿದ್ದ ಆ ಕೂಡಿನ ಸಂದಿಗೆ ಸಿಕ್ಕಿಕೊಂಡವು. ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಮೊಣಕಾಲು ತಿರುಗಿದ ಸದ್ದು ನನಗೆ ಕೇಳಿಸಿತು. ಅವಳು ಕೂಗಲಿಲ್ಲ. ಅಂಪೈರ್ ಕಡೆ ನೋಡಿ, "ಔಟ್ ಏನ್ರಿ?" ಎಂದು ಕೇಳಿ, ಆಮೇಲೆ ಬಿಕ್ಕಿದಳು. ತೊಡೆಯಿಂದ ಮೊಣಕಾಲಿನವರೆಗೆ ಚರ್ಮ ಸುಟ್ಟು ಎದ್ದಿತ್ತು.

ಅವಳನ್ನು ಎತ್ತಿಕೊಂಡು ಜೀಪಿಗೆ ಓಡಿದೆ. ಹುಮನಾಬಾದಿನ ದವಾಖಾನೆಯಲ್ಲಿ ಸುಟ್ಟದ್ದಕ್ಕೆ ಪಟ್ಟಿ ಕಟ್ಟಿ, ಮೊಣಕಾಲಿಗೆ ಗುಲಬರ್ಗಾಕ್ಕೆ ಒಯ್ಯಿರಿ ಎಂದರು. ಒಳಗೆ ಮೂಳೆ ಹಿಡಿದಿಡುವ ಲಿಗಮೆಂಟ್ ಹರಿದಿದೆ, ಮತ್ತೆ ಓಡುವುದು ಕಷ್ಟ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಅವಳ ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಸರ್ ಆಗ ಬಂದಿರಲಿಲ್ಲ. ಪಂದ್ಯಾವಳಿ ಇನ್ನೂ ಎರಡು ದಿನ ನಡೆಯಿತು.

ವಾರದ ನಂತರ ಆಡಳಿತ ಮಂಡಳಿ ವಿಚಾರಣೆಗೆ ಕರೆಯಿತು. ಹಿಂದಿನ ದಿನ ಸರ್ ಬಸವಕಲ್ಯಾಣಕ್ಕೆ, ನಮ್ಮ ಶಾಲೆಗೇ ಬಂದರು. ಬೇವಿನ ಗಿಡದ ಕೆಳಗೆ ಕೂತೆವು.

"ನಾಳಿಗಿ ಜಾಸ್ತಿ ಮಾತಾಡಬ್ಯಾಡ. ಹುಡುಗಿ ಜಾರಬ್ಯಾಡ ಅಂದ್ರೂ ಜಾರಿದ್ಳು ಅನ್ನು, ಅದು ಖರೇನೇ ಅದ. ಅಷ್ಟಕ್ಕೇ ಮುಗೀತದ. ಜೂನ್‌ನಾಗ ನಿನ್ನ ಕೆಲಸದ ಆರ್ಡರ್ ಮಾಡಿಸ್ತೀನಿ."

"ಆಕಿ ತಪ್ಪು ಅಂತ ಹೇಳಬೇಕೇನ್ರಿ?"

"ತಪ್ಪು ಅಂತಲ್ಲ. ಆಟದಾಗ ಆಗ್ತದ."

"ನೋಟ್‌ಬುಕ್ ಎಲ್ಲದರಿ ಸರ್?"

ಅವರು ಶಾಲೆಯ ಹಿಂದಿನ ಬಯಲ ಕಡೆ ನೋಡಿದರು. "ಕಳದದ" ಎಂದರು.

ಅದು ಸುಳ್ಳೆಂದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅವರು ಹೋದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಸುಮ್ಮನಿದ್ದರೆ ಕೆಲಸ, ಮಾತಾಡಿದರೆ ಕೈಯಲ್ಲಿ ಪುರಾವೆಯಿಲ್ಲ. ಶಾಲೆಯ ಗಂಟೆ ಹೊಡೆದು ಹುಡುಗಿಯರು ಅಭ್ಯಾಸಕ್ಕೆ ಬಂದರು. ಯಾರೂ ಬ್ಯಾಟು ಮುಟ್ಟಲಿಲ್ಲ. ತಂಡದ ಕ್ಯಾಪ್ಟನ್, "ಸರ್, ಆಕಿದು ತಪ್ಪಂತ ಎಲ್ಲಾರು ಅನ್ನಾಕತ್ಯಾರಂತ್ರಿ. ನೀವೂ ಹಂಗ ಅಂತೀರೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಅಧ್ಯಕ್ಷರು ನನ್ನ ದಸ್ಕತ್ತಿನ ಫಾರ್ಮು ಮುಂದಿಟ್ಟರು. ನಾನು ಎದ್ದು ನಿಂತು ಹೇಳಿದೆ. ದಸ್ಕತ್ ನನ್ನದೇ. ಯಾರೂ ಕೈ ಹಿಡಿದು ಹಾಕಿಸಿಲ್ಲ, ಅದರ ಜಿಮ್ಮೇದಾರಿ ನನ್ನದು. ಆದರೆ ಹುಡುಗಿಯ ತಪ್ಪು ಏನೂ ಇಲ್ಲ. ಕೂಡು ಎದ್ದಿತ್ತು, ಬೇಸಿನ ಸುತ್ತ ಬಿಟ್ಟ ಮಣ್ಣನ್ನು ಮುಚ್ಚಲಾಗಿತ್ತು, ನೀರು ಹೊಡೆದಿರಲಿಲ್ಲ. ಮೂರನ್ನೂ ನಾನು ಸರ್‌ಗೆ ಮೊದಲೇ ಹೇಳಿದ್ದೆ. ಎಂಟಕ್ಕೆ ಆಟ, ಮುಂಚೆ ನೀರು ಎಂದು ಅವರು ಮಾತು ಕೊಟ್ಟ ಮೇಲೆಯೇ ದಸ್ಕತ್ ಹಾಕಿದ್ದು.

ಅಧ್ಯಕ್ಷರು ಸರ್ ಕಡೆ ತಿರುಗಿದರು. "ಏನ್ರಿ, ಹಿಂಗ ಹೇಳಿದ್ನೇನು ನಿಮಗ?"

ಸರ್ ಮೇಜಿನ ಗಾಜಿನ ಮೇಲೆ ಕಣ್ಣಿಟ್ಟಿದ್ದರು. "ನನಗ ಏನೂ ಹೇಳಿಲ್ರಿ. ಮೈದಾನ ಪೂರಾ ಅವನ ಕೈಯಾಗ ಇತ್ತು. ಹುಲ್ಲು ಆಗಂಗಿಲ್ಲ, ತಕ್ಲೀಫ್ ಅದ ಅಂತ ಬರೆದು ಕೊಟ್ಟವನೂ ಅವನೇ."

ಚಾಚಾನನ್ನು ಕರೆಸಿದರು. ಬೇಸಿನ ಸುತ್ತ ಮಣ್ಣು ಬಿಟ್ಟದ್ದು ಹೌದೋ ಅಲ್ಲವೋ ಎಂದು ಕೇಳಿದರು. ನನ್ನ ಜೊತೆ ಆ ಚೌಕ ಕತ್ತರಿಸಿದವನು ಅವನೇ. ಟೋಪಿ ತೆಗೆದು ಕೈಯಲ್ಲಿ ಹಿಡಿದು, "ನನಗ ಮಾಲುಮಿಲ್ಲ ಸಾಬ್, ನಾ ನೀರು ಬಿಡಾಂವ" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಅಲ್ಲಿ ಉಳಿಯುವುದಿತ್ತು. ಸರ್ ಕಡೆ ಮಾತ್ರ ಇನ್ನೊಂದು ಸಲ ನೋಡಿದೆ. ಆ ಕಣ್ಣು ನನ್ನತ್ತ ಬರಲೇ ಇಲ್ಲ.

ಹುಮನಾಬಾದಿನ ಕೆಲಸದಿಂದ ನನ್ನನ್ನು ಬಿಡಿಸಿದರು. ಬಸವಕಲ್ಯಾಣದ ಹೆಡ್‌ಮಿಸ್ಟ್ರೆಸ್ ಶಾಲೆಯಲ್ಲಿ ಉಳಿಸಿಕೊಂಡರು, ಅದು ಅವರ ದೊಡ್ಡತನ. ಹುಡುಗಿಯ ತಪ್ಪು ಎಂದು ವರದಿಯಲ್ಲಿ ಬರೆಯಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಉಸ್ತುವಾರಿಯ ಅಲಕ್ಷ್ಯ ಎಂದು ಬರೆದಿದ್ದರು. ಹಾಗೆ ಬರೆದದ್ದು ಪೂರ್ತಿ ಸುಳ್ಳೆನ್ನಲು ನನ್ನಿಂದಾಗುವುದಿಲ್ಲ.

ಮೇ ತಿಂಗಳಲ್ಲಿ ಕೊಹಿನೂರಕ್ಕೆ ಹೋದೆ. ಹುಡುಗಿ ಅಕ್ಕನ ಮನೆಗೆ, ಬೇಮಳಖೇಡಕ್ಕೆ ಹೋಗಿದ್ದಳು. ಊರುಗೋಲು ಬಿಟ್ಟಿದ್ದಾಳೆ, ನಡೆಯುವಾಗ ಸ್ವಲ್ಪ ಎಳೆಯುತ್ತಾಳೆ ಎಂದು ಅವಳ ಅವ್ವ ಹೇಳಿದಳು. ಜೋಳ ಹಸನು ಮಾಡುತ್ತಿದ್ದವಳು ಮೊರ ಬದಿಗಿಟ್ಟು ನನಗೆ ಚಹಾ ಮಾಡಿಕೊಟ್ಟಳು.

"ಮೀಟಿಂಗ್‌ದಾಗ ನಮ್ಮ ಹುಡುಗಿ ಪರವಾಗಿ ಮಾತಾಡಿದ್ರಂತಲ್ರಿ ಸರ್. ನಿಮ್ಮ ಕೆಲಸಾನೂ ಹೋಯ್ತಂತ."

"ಹೌದ್ರಿ ಅವ್ವಾ."

ಅವಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು. "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದೆಲ್ಲಾ ನಿಮಗ ಆ ದಿನಾ ಮುಂಜಾನಿನೇ ಗೊತ್ತಿತ್ತಲ್ರಿ. ಮತ್ತ ಹುಡುಗ್ಯಾರ್ನ ಯಾಕ ಆಡಾಕ ಬಿಟ್ರಿ?"

"ನಮ್ಮ ಸರ್ ಹೇಳಿದ್ರುರಿ. ಅವರ ಮಾತು ನಂಬಿದ್ದೆ" ಎಂದೆ.

"ಆಕಿನೂ ಅದೇ ಅಂತಾಳ್ರಿ" ಎಂದಳು ಅವಳು. "ಅಷ್ಟು ಸುಡಾಕತ್ತಿತ್ತು ಅಂತಿ, ಯಾಕ ಆಡಿದೆವ್ವಾ ಅಂತ ಕೇಳಿದ್ರ, ನಮ್ಮ ಸರ್ ಆಡ್ರಿ ಅಂದ್ರು ಅಂತಾಳ."

ಚಹಾ ಆರಿತ್ತು. ಅಷ್ಟನ್ನೂ ಕುಡಿದು, ಕಪ್ಪನ್ನು ಕೆಳಗಿಟ್ಟು, ಇಳಿಹೊತ್ತಿನ ಬಸ್ಸಿಗೆ ಕಾಯಲು ರಸ್ತೆಗೆ ಬಂದೆ.